ನಿಂತಲ್ಲೇ ಬಿದ್ದ ಗಾಡಿ

"ನಿಂತಲ್ಲೇ ಬಿದ್ದಿದ್ದು ಸಾರ್. ಸೈಡ್ ಸ್ಟ್ಯಾಂಡ್ ಜಾರಿ ಹಾಗೇ ಪಕ್ಕಕ್ಕೆ ವಾಲ್ಕೊಂಡಿದೆ, ಅಷ್ಟೇ. ನಿಮ್ಮಾಣೆಗೂ."

ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ನನ್ನ ಮೇಲೆ ಆಣೆ ಹಾಕಿದ. ಹಳೇ ಗಾಡಿ ಮಾರುವವರೆಲ್ಲ ಹೇಳುವುದು ಇದೇ ಮಾತು. ಲಾರಿಯ ಅಡಿಯಿಂದ ಎಳೆದು ತಂದ ಗಾಡಿಯೂ ಅವರ ಬಾಯಲ್ಲಿ ನಿಂತಲ್ಲೇ ಬಿದ್ದದ್ದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವನು ಒಂದೇ ಸುಳ್ಳನ್ನು ಸಾವಿರ ಸಲ ಹೇಳಿ ಸಾವಿರ ಗಾಡಿ ಸಾಗಹಾಕಿದ್ದ.

ಆ ಬೀದಿಯವರು ಅವನನ್ನು ಸೈಲೆನ್ಸರ್ ಎಂದು ಕರೆಯುತ್ತಿದ್ದರು, ಅವನಿಗೆ ಅದೊಂದು ಇಲ್ಲವೆಂಬ ಕಾರಣಕ್ಕೆ. ತಗಡಿನ ಮಾಡು, ಸಾಲಾಗಿ ನಿಂತ ಗಾಡಿಗಳು, ಎಲ್ಲದರ ಸೀಟಿಗೂ ಹೊಳಪಿನ ಎಣ್ಣೆ. ನಾನು ಬಂದು ಇನ್ನೂ ಕುಳಿತಿರಲಿಲ್ಲ, ಅಷ್ಟರಲ್ಲೇ ಅವನು ಆರು ಗಾಡಿಗಳ ವಂಶಾವಳಿ ಹೇಳಿ ಮುಗಿಸಿದ್ದ.

"ನನಗೆ ಇದೊಂದೇ ಸಾಕು," ಎಂದು ಮೂಲೆಯಲ್ಲಿದ್ದ ಕಪ್ಪು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಮಂಡಿ ಕಟಕ್ ಎಂದಿತು. ಈ ವಯಸ್ಸಿನಲ್ಲಿ ಸತ್ಯ ಹುಡುಕುವುದಕ್ಕಿಂತ ಕೂತವನು ಎದ್ದೇಳುವುದು ಕಷ್ಟ.

ಈ ಗಾಡಿಯ ಯಜಮಾನ ಒಬ್ಬ ಲೈನ್‌ಮನ್. ಹೋದ ತಿಂಗಳು, ಬೆಳಕು ಹರಿಯುವ ಹೊತ್ತಿಗೆ, ಇಟ್ಟಿಗೆ ಗೂಡಿನ ತಿರುವಿನಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ. ಪಕ್ಕದಲ್ಲೇ ಗಾಡಿ ಬಿದ್ದಿತ್ತು. ಪೊಲೀಸರು ಬಿಟ್ಟುಕೊಟ್ಟ ಮೇಲೆ ಮನೆಯವರು ಅದನ್ನು ಇಲ್ಲಿಗೆ ಮಾರಿದ್ದರು. ಮೊದಲ ಟ್ರಿಪ್ಪಿನ ಟೌನ್ ಬಸ್ಸು ಹಿಂದಿನಿಂದ ಬಂದು ಬಲಮೈಗೆ ತಗುಲಿತು, ಗಾಡಿ ಎಡಕ್ಕೆ ಮಗುಚಿ ಉದ್ದಕ್ಕೂ ಜಾರಿಕೊಂಡು ಹೋಯಿತು, ಬಸ್ಸು ನಿಲ್ಲಿಸದೆ ಹೊರಟುಹೋಯಿತು ಎಂದು ಪೊಲೀಸರಿಗೆ ಹೇಳಿದ ಸಾಕ್ಷಿ ಒಬ್ಬನೇ, ಸತ್ತವನ ಬಾಮೈದ. ಬಸ್ಸಿನ ಎಡಮೈಯಲ್ಲಿ ಗೀರುಗಳೂ ಸಿಕ್ಕವು. ಗೀರಿಲ್ಲದ ಟೌನ್ ಬಸ್ಸನ್ನು ಯಾರಾದರೂ ನೋಡಿದ್ದರೆ ನನಗೆ ತಿಳಿಸಲಿ.

ಆ ಬಸ್ಸಿನ ಡ್ರೈವರ್ ನನ್ನ ಕಕ್ಷಿದಾರ. ಓಡಿಸುವವನೂ ಅವನೇ, ಟಿಕೆಟ್ ಹರಿಯುವವನೂ ಅವನೇ. ಹಿಂದಿನ ದಿನ ಬೇರೆಯವನ ಪಾಳಿಯನ್ನೂ ಅವನ ತಲೆಗೇ ಕಟ್ಟಿದ್ದರು. ನಾನು ಮಾಡಿಲ್ಲ ಎಂದು ಅವನು ಒಮ್ಮೆಯೂ ಹೇಳಲಿಲ್ಲ. "ಗುದ್ದಿಲ್ಲ ಅಂತ ಹೇಗೆ ಹೇಳಲಿ ಸಾರ್? ಆ ತಿರುವು ದಾಟಿದ್ದೇ ನೆನಪಿಲ್ಲ. ಎಚ್ಚರ ಇದ್ದೆನೋ ಇಲ್ವೋ ನನಗೇ ಗೊತ್ತಿಲ್ಲ," ಅಂದಿದ್ದ. ನನ್ನ ಕಸುಬಿನಲ್ಲಿ ಸುಳ್ಳು ಹೇಳುವ ಕಕ್ಷಿದಾರರು ಬೇಕಾದಷ್ಟು ಸಿಕ್ಕಿದ್ದಾರೆ. ತನ್ನ ಮೇಲೇ ಅನುಮಾನ ಪಡುವವನು ಇವನೊಬ್ಬನೇ, ಮತ್ತು ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಡ್ರೈವರನ ಹೆಂಡತಿ.

"ಅಣ್ಣ, ಇವರು ಶರ್ಟ್ ಹಾಕ್ಕೊಂಡು ಕೂತ್ಬಿಟ್ಟಿದಾರೆ. ಸ್ಟೇಷನ್ನಿಗೆ ಹೋಗಿ ಒಪ್ಕೊಂಡು ಬಿಡ್ತಾರಂತೆ. ಒಪ್ಕೊಂಡ್ರೆ ನಿದ್ದೆನಾದ್ರೂ ಬರುತ್ತೆ ಅಂತಾರೆ. ನಾನೇನು ಮಾಡ್ಲಿ?"

"ಸಂಜೆವರೆಗೂ ಹಿಡಿದಿಟ್ಕೊಳಮ್ಮ. ಗಾಡಿ ನನ್ನೆದುರಿಗೇ ಇದೆ."

"ಗಾಡಿ ಮಾತಾಡುತ್ತಾ ಅಣ್ಣ?"

"ಮನುಷ್ಯರಿಗಿಂತ ಚೆನ್ನಾಗಿ ಮಾತಾಡುತ್ತೆ," ಎಂದು ಫೋನ್ ಇಟ್ಟೆ. ಹೇಳುವುದಕ್ಕೆ ಹೇಳಿದೆ, ಧೈರ್ಯ ನನಗೂ ಇರಲಿಲ್ಲ.

ಬಿದ್ದ ಗಾಡಿಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೋಸ ಹೋಗಿ ಹೋಗಿ ಕಲಿತ ಕ್ರಮ. ಬಣ್ಣ, ಟ್ಯಾಂಕು, ಹೊಳಪು ಇವನ್ನೆಲ್ಲ ಮೊದಲು ನೋಡಬಾರದು. ಅವು ಮಾರುವವನು ತೋರಿಸಬೇಕೆಂದಿರುವ ಜಾಗಗಳು. ನೋಡಬೇಕಾದದ್ದು ತುದಿಗಳನ್ನು. ಗಾಡಿ ನೆಲಕ್ಕೆ ಬಿದ್ದರೆ ಮೊದಲು ಮುಟ್ಟುವುದು ಹ್ಯಾಂಡಲ್ಲಿನ ತುದಿ, ಲಿವರಿನ ತುದಿ, ಫುಟ್‌ರೆಸ್ಟಿನ ತುದಿ.

ಎಡಗಡೆ ಹ್ಯಾಂಡಲ್ಲಿನ ತುದಿ ಜಜ್ಜಿತ್ತು. ಬೆರಳು ಆಡಿಸಿ ನೋಡಿದೆ. ಒಂದು ತಗ್ಗು, ಅದರಲ್ಲಿ ಮಣ್ಣಿನ ಕರೆ. ತಗ್ಗು ಬಿಟ್ಟರೆ ಬೇರೇನಿಲ್ಲ.

ಕ್ಲಚ್ ಲಿವರಿನ ತುದಿಯ ಗುಂಡು ಸ್ವಲ್ಪ ಒಳಕ್ಕೆ ಬಾಗಿತ್ತು. ಅಲ್ಲಿಯೂ ಉಜ್ಜಿದ ಗುರುತಿಲ್ಲ. ಫುಟ್‌ರೆಸ್ಟಿನ ರಬ್ಬರು ಒಂದೇ ಕಡೆ ಕಚ್ಚಿದ ಹಾಗಿತ್ತು, ಉಳಿದದ್ದೆಲ್ಲ ನೆಟ್ಟಗೆ. ಹಿಂದಿನ ಇಂಡಿಕೇಟರಿನ ಗಾಜು ಬಿರುಕು ಬಿಟ್ಟು ಜಾಗದಲ್ಲೇ ಕೂತಿತ್ತು.

ಎದ್ದು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿದೆ. ಜೋರಾಗಿ ಬಿದ್ದ ಗಾಡಿಯಾದರೆ ಒಂದು ಕಡೆಗೆ ಹೆಚ್ಚು ತಿರುಗುತ್ತದೆ, ತಡೆಯುವ ಕಬ್ಬಿಣದ ಗಂಟು ಸವೆದೋ ಮುರಿದೋ ಹೋಗಿರುತ್ತದೆ. ಇದು ಎರಡೂ ಕಡೆ ಒಂದೇ ಸಮ ನಿಂತಿತು. ಮುಂದೆ ನಿಂತು ಒಂದು ಕಣ್ಣು ಮುಚ್ಚಿ ಚಕ್ರವನ್ನೂ ಹ್ಯಾಂಡಲ್ಲನ್ನೂ ನೋಡಿದೆ. ಸೊಟ್ಟ ಇಲ್ಲ.

ಓಡುತ್ತಿದ್ದ ಗಾಡಿ ಬಿದ್ದರೆ ಗೀರು ಬೀಳುತ್ತದೆ. ಉದ್ದುದ್ದ, ಎಲ್ಲವೂ ಒಂದೇ ದಿಕ್ಕಿಗೆ, ಬಾಚಣಿಗೆಯ ಹಲ್ಲಿನಿಂದ ಕೆರೆದ ಹಾಗೆ. ನಿಂತ ಗಾಡಿ ಬಿದ್ದರೆ ತಗ್ಗು ಬೀಳುತ್ತದೆ, ಗೀರಿಲ್ಲ. ಈ ಗಾಡಿಯ ಎಡಮೈಯಲ್ಲಿ ಎಲ್ಲೆಲ್ಲೂ ತಗ್ಗು. ಬಸ್ಸು ತಗುಲಬೇಕಿದ್ದ ಬಲಮೈ ತೊಳೆದಿಟ್ಟ ತಟ್ಟೆಯಂತಿತ್ತು.

ಅಂದರೆ ನನ್ನ ಆಯಸ್ಸಿನಲ್ಲೇ ಮೊದಲ ಸಲ, ಹಳೇ ಗಾಡಿಯ ವ್ಯಾಪಾರಿಯೊಬ್ಬ ನಿಜ ಹೇಳಿದ್ದ. ಅದು ನಿಜವೆಂದು ಅವನಿಗೇ ಗೊತ್ತಿರಲಿಲ್ಲ.

"ನೋಡಿದ್ರಾ ಸಾರ್, ನಾನು ಹೇಳ್ಲಿಲ್ವಾ?" ಎಂದ ಸೈಲೆನ್ಸರ್.

"ಹೇಳಿದ್ರಿ. ದೇವರು ನಿಮ್ಮನ್ನ ಕ್ಷಮಿಸಲಿ."

ಹೊರಡುವ ಮೊದಲು ಇನ್ನೊಮ್ಮೆ ಬಗ್ಗಿದೆ. ಟ್ಯಾಂಕಿನ ಕೆಳಗೆ, ಎಡಗಡೆ, ಪೆಟ್ರೋಲ್ ಕಾಕ್ ಇರುತ್ತದಲ್ಲ, ಎಂಜಿನ್ನಿಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ಆ ಪುಟ್ಟ ಹಿಡಿ, ಅಲ್ಲಿ ಇಡೀ ಗಾಡಿಯಲ್ಲಿ ಇದ್ದ ಒಂದೇ ಒಂದು ಗೀರು ಕಂಡಿತು. ರಸ್ತೆಯಂಚಿನ ಚೂಪು ಜಲ್ಲಿಯೊಂದು ಸಂದಿಯಲ್ಲಿ ನುಗ್ಗಿ ಎಳೆದ ಗೆರೆ. ಟ್ಯಾಂಕಿನ ಅಂಚಿನಿಂದ ಶುರುವಾಗಿ ಕೆಳಗೆ ಎಂಜಿನ್ನಿನ ತನಕ ಹೋಗಿತ್ತು. ನಡುವೆ ಕಾಕಿನ ಹಿಡಿಯ ಮೇಲೂ ಒಂದು ತುಂಡು ಗೆರೆ. ಆದರೆ ಅದು ಬೇರೆ ದಿಕ್ಕಿಗಿತ್ತು, ಮೇಲಿನದಕ್ಕೂ ಕೆಳಗಿನದಕ್ಕೂ ಕೂಡುತ್ತಿರಲಿಲ್ಲ.

ಹಿಡಿಯನ್ನು ತಿರುಗಿಸಿ ಕಾಕ್ ಮುಚ್ಚಿದೆ. ಮೂರು ತುಂಡುಗಳೂ ಸೇರಿ ಒಂದೇ ಗೆರೆಯಾಯಿತು.

ಬಿಸಿಲಿಗೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಗಾಡಿ ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಪೆಟ್ರೋಲ್ ಬಂದಾಗಿತ್ತು. ಕಾಕ್ ಮುಚ್ಚಿದ ಗಾಡಿ ಒಳಗೆ ಉಳಿದ ಗುಟುಕಿನಲ್ಲಿ ಒಂದಿಷ್ಟು ದೂರ ಓಡೀತು. ಲೈನ್‌ಮನ್ನನ ಮನೆಯಿಂದ ಇಟ್ಟಿಗೆ ಗೂಡಿನ ತಿರುವಿಗೆ ಬರುವಷ್ಟಲ್ಲ. ಆ ಗಾಡಿಯನ್ನು ಯಾರೂ ಓಡಿಸಿಕೊಂಡು ಬಂದಿರಲಿಲ್ಲ. ತಂದು, ಇಳಿಸಿ, ಮಲಗಿಸಿದ್ದರು.

ಮಲಗಿಸುವ ಮೊದಲು ಕಾಕ್ ಮುಚ್ಚುವವರು ಯಾರು? ನಾನು ಮುಚ್ಚುವುದಿಲ್ಲ. ನೀವೂ ಮುಚ್ಚುವುದಿಲ್ಲ. ಗಾಡಿ ಅಡ್ಡ ಬಿದ್ದರೆ ಪೆಟ್ರೋಲ್ ಸೋರುತ್ತದೆಂದು ಯೋಚನೆಯೇ ಇಲ್ಲದೆ ಬೆರಳಿಗೆ ಗೊತ್ತಿರುವವನು ಒಬ್ಬನೇ, ದಿನಾ ಗಾಡಿ ಮಲಗಿಸುವವನು.

ಸತ್ತವನ ಬಾಮೈದ, ಆ ಏಕೈಕ ಸಾಕ್ಷಿ, ಮೋಟರ್ ಸೈಕಲ್ ಮೆಕ್ಯಾನಿಕ್.

"ಒಂದು ರೌಂಡ್ ಓಡಿಸಿ ನೋಡ್ತೀನಿ," ಎಂದೆ.

ಸೈಲೆನ್ಸರ್ ನನ್ನ ಸ್ಕೂಟರನ್ನು ಒತ್ತೆಯಿಟ್ಟುಕೊಂಡ. ಅದನ್ನು ಸುತ್ತು ಹಾಕಿ, "ಬೇಗ ಬನ್ನಿ ಸಾರ್, ಇದನ್ನ ನನಗೇ ಬಿಟ್ಟು ಹೋಗ್ಬೇಡಿ," ಎಂದ.

* * *

ಗ್ಯಾರೇಜು ಎಂದರೆ ಒಂದು ಷಟರು, ಒಳಗೊಂದು ಗಾಳಿ ಯಂತ್ರ, ಗೋಡೆ ತುಂಬ ಸ್ಪ್ಯಾನರು. ಹಿಂದುಗಡೆ ಪರದೆ ಕಟ್ಟಿದ ಬಾಗಿಲು. ಅದರಾಚೆ ಅವನ ವಾಸದ ಕೋಣೆ. ಗಂಡ ಸತ್ತ ಮೇಲೆ ಅವನ ಅಕ್ಕನೂ ಅಲ್ಲಿಯೇ ಇದ್ದಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ ಕೆಲಸ ಅವಳದು. ಹಗಲು ಮಲಗುತ್ತಾಳೆ ಎಂದು ಹಿಂದೊಮ್ಮೆ ಹೋದಾಗ ಅವನೇ ಹೇಳಿದ್ದ, ಮೆಲ್ಲಗೆ ಮಾತಾಡಿ ಎಂದು ಬೇಡಿಕೊಂಡಿದ್ದ.

ಭಾವನ ಗಾಡಿಯ ಮೇಲೆ ನಾನು ಬಂದಿಳಿದದ್ದು ನೋಡಿ ಮೆಕ್ಯಾನಿಕ್ ಕೈ ಒರೆಸುತ್ತಿದ್ದ ಬಟ್ಟೆ ನಿಂತಿತು. ಮೂವತ್ತು ಆಗಿರಬಹುದು ಅವನಿಗೆ. ಕಣ್ಣ ಕೆಳಗೆ ಗ್ರೀಸಿಗಿಂತ ಕಪ್ಪಾದ ನಿದ್ದೆಗೇಡು. ಈ ಕೇಸಿನಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

"ಇದೇನು ಸಾರ್, ಈ ಗಾಡಿ?"

"ಕೊಳ್ಳೋಣ ಅಂತ. ಅಡಿಯಲ್ಲಿ ಎಣ್ಣೆ ಜಿನುಗ್ತಿದೆಯೇನೋ ಅಂತ ಅನುಮಾನ. ನೀನು ನೋಡಿ ಹೇಳಿದ್ರೆ ಸಮಾಧಾನ."

"ಇದು ಬೇಡ ಬಿಡಿ ಸಾರ್. ಬೇರೆ ಕೊಡಿಸ್ತೀನಿ."

"ಯಾಕೆ, ನಿಂತಲ್ಲೇ ಬಿದ್ದ ಗಾಡಿಯಂತೆ. ಸ್ವಲ್ಪ ಮಲಗಿಸಿ ನೋಡಪ್ಪ."

ಅವನು ನಿಟ್ಟುಸಿರು ಬಿಟ್ಟ. ಬೇಗ ನೋಡಿ ಬೇಗ ಕಳಿಸಿಬಿಡೋಣ ಎಂಬ ಅವಸರ ಅವನ ಮುಖದಲ್ಲಿತ್ತು. ಹಳೇ ಟಯರೊಂದನ್ನು ಕಾಲಲ್ಲಿ ತಳ್ಳಿ ನೆಲಕ್ಕೆ ಹಾಕಿದ. ಬಲಗೈಯಲ್ಲಿ ಸೀಟಿನ ಹಿಂಬದಿ ಹಿಡಿದ. ಎಡಗೈ ಟ್ಯಾಂಕಿನ ಕೆಳಗೆ ಹೋಯಿತು, ಕಾಕನ್ನು ಮುಚ್ಚಿತು, ಆಮೇಲೆ ಹ್ಯಾಂಡಲ್ಲಿಗೆ ಬಂತು. ಕಣ್ಣು ಅತ್ತ ಹೋಗಲೇ ಇಲ್ಲ. ಮಗುವನ್ನು ಮಲಗಿಸುವ ಹಾಗೆ ಗಾಡಿಯನ್ನು ಟಯರಿನ ಮೇಲೆ ಮಲಗಿಸಿದ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಕೆಲಸವೂ ಅಷ್ಟೇ.

"ಎಣ್ಣೆ ಏನೂ ಇಲ್ಲ ಸಾರ್," ಎಂದ.

"ಈಗ ಏನು ಮುಚ್ಚಿದೆ ನೀನು?"

"ಏನು?"

"ಎಡಗೈಯಲ್ಲಿ. ಮಲಗಿಸೋಕೆ ಮುಂಚೆ."

ಅವನು ತನ್ನ ಕೈಯನ್ನೇ ನೋಡಿಕೊಂಡ. "ಕಾಕಾ? ಅದು ಮುಚ್ಚಲೇಬೇಕಲ್ಲ ಸಾರ್. ಇಲ್ಲಾಂದ್ರೆ ಪೆಟ್ರೋಲ್ ಎಲ್ಲಾ ನೆಲಕ್ಕೆ..."

ಆ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

ನಾನು ಗಾಡಿ ಎತ್ತಿಸಿದೆ. ಗೀರನ್ನು ತೋರಿಸಿದೆ. ಕಾಕ್ ತೆಗೆದು ತೋರಿಸಿದೆ, ಮುಚ್ಚಿ ತೋರಿಸಿದೆ. ಮೂರು ತುಂಡು, ಒಂದು ಗೆರೆ. ಅವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

"ಪೊಲೀಸರು ಗಾಡಿ ಎತ್ತಿದಾಗ ಮುಚ್ಚಿರಬಹುದು," ಎಂದ. ದನಿಯಲ್ಲಿ ಬಲವಿರಲಿಲ್ಲ.

"ಗೀರು ಎತ್ತಿದಾಗ ಬೀಳಲ್ಲಪ್ಪ, ಬಿದ್ದಾಗ ಬೀಳೋದು. ನಿನ್ನ ಭಾವ ಕಾಕ್ ಮುಚ್ಚಿದ ಗಾಡಿ ಓಡಿಸ್ಕೊಂಡು ಬರ್ಲಿಲ್ಲ. ಬಸ್ಸೂ ಗುದ್ದಲಿಲ್ಲ. ಈ ಗಾಡಿ ಜಾರ್ಕೊಂಡು ಹೋಗಿದ್ದು ನಿನ್ನ ಹೇಳಿಕೆಯಲ್ಲಿ ಮಾತ್ರ."

ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಅವು ಆಗಲೇ ಶುಭ್ರವಾಗಿದ್ದವು.

"ಆ ಡ್ರೈವರ್..." ಎಂದ ಕೊನೆಗೆ. "ಹೇಗಿದಾರೆ?"

"ಶರ್ಟ್ ಹಾಕ್ಕೊಂಡು ಕೂತಿದಾನೆ. ಮಾಡದ ತಪ್ಪು ಒಪ್ಕೊಳ್ಳೋಕೆ. ನಾನೇ ಕೊಂದಿರಬೇಕು ಅಂತ ನಂಬಿಬಿಟ್ಟಿದಾನೆ. ಸುಳ್ಳು ಹೇಳಿದವನು ನೀನು, ಅದನ್ನ ನಂಬಿದವನು ಅವನು."

ಮೆಕ್ಯಾನಿಕ್ ಟಯರಿನ ಮೇಲೆ ಕುಸಿದು ಕುಳಿತ. ನಾನೂ ಎದುರಿಗೆ ಒಂದು ಡಬ್ಬ ಬೋರಲು ಹಾಕಿ ಕೂತೆ. ಇಬ್ಬರೂ ಸುಸ್ತಾದ ಗಂಡಸರು. ದೂರದಿಂದ ನೋಡಿದವರು ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡಾರು.

"ಗಾಡಿ ಮಲಗಿಸಿದ್ದು ನಾನೇ ಸಾರ್," ಎಂದ ಮೆಲ್ಲಗೆ. "ಭಾವನ್ನ ಅಲ್ಲಿ ತಂದು ಹಾಕಿದ್ದೂ ನಾನೇ. ಕೊಂದಿದ್ದು ನಾನಲ್ಲ."

"ಮತ್ಯಾರು?"

ಅವನು ಪರದೆಯ ಕಡೆ ನೋಡಿದ. ಆ ನೋಟವೇ ಉತ್ತರವಾಯಿತು.

"ಅವತ್ತು ಗಾಡಿ ಸರ್ವಿಸಿಗೆ ತರೋಣ ಅಂತ ಟೆಂಪೋ ತಗೊಂಡು ನಸುಕಿಗೇ ಹೋದೆ. ಬಾಗಿಲು ತೆಗೆದೇ ಇತ್ತು. ಭಾವ ಮಹಡಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ರು. ತಲೆ ಹಿಂದೆ ಎಲ್ಲಾ ರಕ್ತ. ಮೈ ಆಗಲೇ ತಣ್ಣಗಾಗಿತ್ತು. ಮೇಲಿನ ಮೆಟ್ಟಿಲ ಮೇಲೆ ಅಕ್ಕನ ಶಾಲು. ರಾತ್ರಿ ಪಾಳಿಗೆ ಹೋದ್ಲೋ ಇಲ್ವೋ ಗೊತ್ತಿಲ್ಲ, ಅಕ್ಕನ ಫೋನು ಆಫು." ಉಗುಳು ನುಂಗಿಕೊಂಡ. "ಅವಳ ತೋಳಿನ ಮೇಲೆ ಬಾಸುಂಡೆ ನೋಡಿದ್ದೆ ಸಾರ್, ಎಷ್ಟೋ ಸಲ. ಬಾಗಿಲು ತಗುಲಿತು, ಬಕೆಟ್ ತಗುಲಿತು ಅಂತಿದ್ಲು. ಒಂದಿನ ಇವಳು ತಿರುಗಿ ಬೀಳ್ತಾಳೆ ಅಂತ ನನಗೆ ಗೊತ್ತಿತ್ತು. ಬಿದ್ಲು ಅಂದ್ಕೊಂಡೆ. ನನ್ನನ್ನ ಸಾಕಿ ಬೆಳೆಸಿದವಳು ಅವಳು. ಜೈಲಿಗೆ ಕಳಿಸೋಕಾಗುತ್ತಾ?"

"ಅದಕ್ಕೆ ಇಬ್ಬರನ್ನೂ ಟೆಂಪೋಗೆ ಹಾಕ್ಕೊಂಡೆ. ಭಾವನ್ನೂ, ಗಾಡೀನೂ," ಎಂದೆ ನಾನು.

"ಹೂಂ."

"ಬಸ್ಸನ್ನ ಯಾಕೆ ಎಳೆದೆ ಇದರಲ್ಲಿ?"

"ಗಾಡಿ ಇಳಿಸಿ ನಿಲ್ಲಿಸಿದ್ದೆ, ಆಗ ಬಸ್ಸು ಬಂತು. ಲೈಟು ನನ್ನ ಮುಖಕ್ಕೇ ಬಿತ್ತು. ನೋಡೇ ಇರ್ತಾನೆ ಅಂತ ಜೀವ ಹೋಯ್ತು. ಅವನು ಬಾಯಿ ಬಿಡೋಕೆ ಮುಂಚೆ ನಾನೇ ಅವನ ಮೇಲೆ ಹಾಕಿಬಿಟ್ಟೆ." ತಲೆ ತಗ್ಗಿಸಿದ. "ಅವನಿಗೆ ಏನೂ ನೆನಪಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆಗ ಹಿಂದಕ್ಕೆ ತಗೊಳ್ಳೋ ಹಾಗಿರಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಏಳುವಷ್ಟು ಶಕ್ತಿ ಅದಕ್ಕೂ ಇರಲಿಲ್ಲ. ಒಂದು ಹೆಣ್ಣನ್ನು ಉಳಿಸಲು ಹೋಗಿ ಒಬ್ಬ ಗಂಡಸಿನ ನಿದ್ದೆ, ಮಾನ, ತನ್ನ ಮೇಲೆ ತನಗಿದ್ದ ನಂಬಿಕೆ ಎಲ್ಲವನ್ನೂ ಇವನು ಬಲಿ ಕೊಟ್ಟಿದ್ದ. ಅದೂ ಮುಖ ನೋಡಿರದ ಗಂಡಸಿನದು.

"ನಡಿ ಸ್ಟೇಷನ್ನಿಗೆ. ಇಷ್ಟನ್ನೂ ಹೇಳು."

"ಹೇಳಿದ್ರೆ ಅಕ್ಕ ಹೋಗ್ತಾಳೆ."

"ಹೇಳದೇ ಇದ್ರೆ ಅವನು ಹೋಗ್ತಾನೆ."

ಪರದೆ ಸರಿಯಿತು.

ಅವಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗುರುತಿತ್ತು. ತಮ್ಮನಿಗಿಂತ ಹತ್ತು ವರ್ಷವಾದರೂ ದೊಡ್ಡವಳು. ನನ್ನನ್ನು ನೋಡಲೇ ಇಲ್ಲ.

"ನಾನು ಕೊಂದೆ ಅಂದ್ಕೊಂಡಿದ್ಯೇನೋ ನೀನು?"

ಮೆಕ್ಯಾನಿಕ್ ಎದ್ದು ನಿಂತ. "ಅಕ್ಕ, ಒಳಗೆ ಹೋಗು. ನೀನೇನೂ ಮಾತಾಡ್ಬೇಡ."

"ಇಷ್ಟು ದಿನ ನನ್ನ ಪಕ್ಕ ಕೂತು ಊಟ ಮಾಡಿದ್ಯಲ್ಲೋ. ನಾನು ಕೊಲೆಗಾತಿ ಅಂದ್ಕೊಂಡೇ ಮಾಡಿದ್ಯಾ?"

"ನಿನ್ನ ಶಾಲು ಮೆಟ್ಟಿಲ ಮೇಲೆ..."

"ಆ ಶಾಲು ಒಗೆಯೋಕೆ ಅಂತ ಹಾಕಿದ್ದು ಕಣೋ! ಹಿಂದಿನ ದಿನದಿಂದ ಅಲ್ಲೇ ಬಿದ್ದಿತ್ತು." ಅವಳು ಗೋಡೆಗೆ ಒರಗಿದಳು. "ನಾನು ಬಂದಾಗ ಮನೇಲಿ ಯಾರೂ ಇಲ್ಲ. ನೆಲ ಒರೆಸಿತ್ತು. ಮೂಲೇಲಿ ಬಿದ್ದಿದ್ದ ಬಟ್ಟೆ ನಿನ್ನ ಗ್ಯಾರೇಜಿಂದು, ಗ್ರೀಸ್ ವಾಸನೆ. ನೀನು ಭಾವನ ಜೊತೆ ಜಗಳ ಆಡಿದೀಯ, ಕೈ ಮೀರಿದೆ ಅಂದ್ಕೊಂಡೆ. ನನಗೋಸ್ಕರ ಮಾಡಿದಾನೆ, ಬಾಯಿ ಬಿಡಬಾರದು ಅಂತ ಆ ಬಟ್ಟೆ ಸುಟ್ಟುಹಾಕಿದೆ."

ತಮ್ಮ ಅವಳನ್ನೇ ನೋಡುತ್ತಿದ್ದ. "ಒಂದು ಸಲ ಕೇಳಬಾರದಿತ್ತಾ ಅಕ್ಕ?"

"ನೀನು ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀನು ಹೌದು ಅಂದುಬಿಡ್ತೀಯ ಅಂತ ಭಯ."

"ನನಗೂ ಅದೇ," ಎಂದಳು. ಇಬ್ಬರೂ ಅಳಲಿಲ್ಲ. ಅಳುವುದು ಆಮೇಲೆ ಎಂದು ಎತ್ತಿಟ್ಟವರಂತೆ ನಿಂತಿದ್ದರು. ಒಂದೇ ಸೂರಿನಡಿ ಒಬ್ಬರನ್ನೊಬ್ಬರು ಕೊಲೆಗಾರರೆಂದು ನಂಬಿ, ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡಿದ್ದರು. ಪ್ರೀತಿಯನ್ನು ಇಷ್ಟು ಪೆದ್ದುಪೆದ್ದಾಗಿ ಬಳಸಿದವರನ್ನು ನಾನು ಕಂಡಿಲ್ಲ.

"ನೀವು ಮನೆಗೆ ಬಂದಿದ್ದು ಯಾವಾಗ?" ಎಂದು ಕೇಳಿದೆ.

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ತಲೆ ಸಿಡೀತಿತ್ತು ಅಂತ ಪಾಳಿ ಮುಗಿಯೋಕೆ ಮುಂಚೇನೇ ಆಸ್ಪತ್ರೆ ಬಿಟ್ಟೆ. ಸ್ಟಾಪಲ್ಲಿ ಕೂತೆ. ಫಸ್ಟ್ ಬಸ್ಸಿಗೆ ಹತ್ತಿದೆ."

"ಯಾವ ಬಸ್ಸು?"

"ಅದೇ ಬಸ್ಸು."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಮುಂದಿನ ಸೀಟಲ್ಲಿ ಕೂತಿದ್ದೆ. ಪಾಸ್ ಇದೆ, ಟಿಕೆಟ್ ತಗೊಳ್ಳಲ್ಲ. ಡ್ರೈವರ್ ನಿದ್ದೆ ಮಾಡಲಿಲ್ಲ ಅಣ್ಣ. ಏನೋ ಒಂದು ಹಾಡು ಗೊಣಗ್ತಾ ಓಡಿಸ್ತಿದ್ರು. ಯಾರಿಗೂ ಗುದ್ದಲಿಲ್ಲ." ಅವಳ ದನಿ ಇಳಿಯಿತು. "ತಿರುವಿನಲ್ಲಿ ಇವನ ಟೆಂಪೋ ಕಂಡಿತು. ಇವನು ಗಾಡಿ ಪಕ್ಕ ಬಗ್ಗಿ, ಟ್ಯಾಂಕಿನ ಕೆಳಗೆ ಕೈ ಹಾಕಿ ಏನೋ ತಿರುಗಿಸ್ತಿದ್ದ. ಆಮೇಲೆ ಮನೆಗೆ ಹೋಗಿ ನೋಡಿದ್ರೆ ಹೀಗೆ. ಆ ಡ್ರೈವರ್ ತಪ್ಪಿಲ್ಲ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಇವನಿಗೋಸ್ಕರ."

ನನ್ನ ಮೈಯಿಂದ ಏನೋ ಭಾರ ಇಳಿದ ಹಾಗಾಯಿತು. ಡ್ರೈವರ್ ಎಚ್ಚರವಿದ್ದ. ಹಾಡು ಗೊಣಗುತ್ತಿದ್ದ. ಅವನ ಹೆಂಡತಿಗೆ ಈ ಒಂದು ಮಾತು ಹೇಳಿದರೆ ಸಾಕು, ಆ ಮನೆಯಲ್ಲಿ ಇವತ್ತು ಎಲ್ಲರೂ ಮಲಗುತ್ತಾರೆ. ಲೈನ್‌ಮನ್ನನನ್ನು ಕೊಂದವರು ಯಾರು ಎಂಬುದು ನಾಳೆಯ ತಲೆನೋವು. ಇವನೂ ಅಲ್ಲ, ಇವಳೂ ಅಲ್ಲ. ಮೂರನೆಯವರು ಆ ಮನೆಯ ಮೆಟ್ಟಿಲು ಹತ್ತಿದ್ದರು.

"ಇದನ್ನ ಸ್ಟೇಷನ್ನಲ್ಲಿ ಹೇಳ್ತೀರಾ?"

"ಹೇಳ್ತೀನಿ. ಇವನು ಮಾಡಿಲ್ಲ ಅಂದ ಮೇಲೆ ನನಗಿನ್ನೇನು ಭಯ?" ಎಂದು ಚಪ್ಪಲಿ ಹುಡುಕಲು ಬಗ್ಗಿದಳು.

ಮೆಕ್ಯಾನಿಕ್ ಷಟರಿನ ಬೀಗ ಕೈಗೆತ್ತಿಕೊಂಡ. ಅವನಿಗೂ ಶಿಕ್ಷೆಯಾಗುತ್ತದೆ, ಅದು ಅವನಿಗೆ ಗೊತ್ತಿತ್ತು. ಆದರೂ ಮುಖ ಸ್ವಲ್ಪ ತಿಳಿಯಾಗಿತ್ತು.

ಅಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು, ಗೊತ್ತಿರುವ ದನಿ.

"ಸಾರ್, ನಾನು, ಡ್ರೈವರ್. ಬೈಬೇಡಿ ಸಾರ್. ಇವಳು ಮಕ್ಕಳನ್ನ ಕರ್ಕೊಂಡು ಬರೋಕೆ ಹೋದಾಗ ಹೊರಟು ಬಂದುಬಿಟ್ಟೆ. ಸ್ಟೇಷನ್ ಫೋನಿಂದ ಮಾತಾಡ್ತಿದೀನಿ. ಎಲ್ಲಾ ಹೇಳಿ ಸಹಿ ಹಾಕಿದೆ."

"ಏನಂತ ಹಾಕಿದೆಯಯ್ಯಾ? ನೀನು ಮಾಡಿಲ್ಲ! ಗಾಡಿ..."

"ಮಾಡಿದೀನಿ ಸಾರ್. ಇಲ್ಲಿ ಕೂತು ಹೇಳ್ತಾ ಹೇಳ್ತಾ ಎಲ್ಲಾ ನೆನಪಾಯ್ತು. ತಿರುವು ನೆನಪಾಯ್ತು. ಗುದ್ದಿದ ಶಬ್ದ ಕೂಡ. ದಡ್ ಅಂತ, ಎಡಗಡೆ." ಅವನ ದನಿಯಲ್ಲಿ ನಾನು ಹಿಂದೆಂದೂ ಕೇಳದ ನೆಮ್ಮದಿ ಇತ್ತು. "ಮನಸ್ಸು ಹಗುರ ಆಯ್ತು ಸಾರ್. ಇವತ್ತು ನಿದ್ದೆ ಬರುತ್ತೆ."

"ಕೇಳು ಇಲ್ಲಿ. ನಿನ್ನ ಬಸ್ಸಲ್ಲಿ ಒಬ್ಬರು ಸಾಕ್ಷಿ ಇದ್ರು. ಮುಂದಿನ ಸೀಟಲ್ಲಿ..."

"ಯಾರು ಸಾರ್?" ಎಂದ ಅವನು. "ಯಾರೂ ಇರಲಿಲ್ಲ. ಅದೂ ನೆನಪಾಯ್ತು. ಇಟ್ಟಿಗೆ ಗೂಡು ದಾಟಿ ಮುಂದಿನ ಸ್ಟಾಪಲ್ಲಿ ನಿಲ್ಲಿಸಿ, ಎದ್ದು ಹಿಂದೆವರೆಗೂ ನಡೆದು ನೋಡಿದೆ, ಯಾರಾದ್ರೂ ಮಲಗಿಬಿಟ್ಟಿದಾರಾ ಅಂತ. ಎಲ್ಲಾ ಸೀಟೂ ಖಾಲಿ. ಅವತ್ತು ಬಸ್ಸಲ್ಲಿ ಇದ್ದಿದ್ದು ನಾನೊಬ್ಬನೇ."

ಲೈನು ಕಡಿಯಿತು.

ಗುದ್ದಿದ ಶಬ್ದ ಅವನ ಸುಸ್ತಾದ ತಲೆ ಹುಟ್ಟಿಸಿದ್ದು. ಅದು ನನಗೆ ಗೊತ್ತಿತ್ತು, ಗಾಡಿ ನೋಡಿದ್ದೇನೆ. ಖಾಲಿ ಸೀಟುಗಳೂ ಹಾಗೆಯೇ ಹುಟ್ಟಿದವೇ? ತಮ್ಮ ಟ್ಯಾಂಕಿನ ಕೆಳಗೆ ಕೈ ಹಾಕಿದ್ದನ್ನು ಕಂಡೆ ಎನ್ನುತ್ತಾಳೆ ಇವಳು. ಆದರೆ ಕಾಕ್ ಮುಚ್ಚಿದ ಆ ಮಾತನ್ನು ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಗ್ಯಾರೇಜಿನಲ್ಲಿ, ಆ ಪರದೆಯ ಈಚೆ, ನಾನೇ ಗಟ್ಟಿಯಾಗಿ ಆಡಿದ್ದೆ.

ಡ್ರೈವರನನ್ನು ಬಿಡಿಸಿಕೊಳ್ಳಲು ನನ್ನ ಕೈಯಲ್ಲಿದ್ದ ಜೀವಂತ ಸಾಕ್ಷಿ ಅವಳೊಬ್ಬಳೇ. ಅವಳು ಸುಳ್ಳು ಹೇಳುತ್ತಿದ್ದರೆ, ಆ ನಸುಕಿನಲ್ಲಿ ಅವಳಿದ್ದದ್ದು ಎಲ್ಲಿ?

ಅಕ್ಕ ಚಪ್ಪಲಿ ಮೆಟ್ಟಿಕೊಂಡು, ಕೂದಲು ಕಟ್ಟಿಕೊಂಡು, ಬಾಗಿಲಲ್ಲಿ ನಿಂತಿದ್ದಳು.

"ಹೊರಡೋಣ ಅಣ್ಣ," ಎಂದಳು. "ಆ ಪಾಪದವನನ್ನ ಬಿಡಿಸ್ಕೊಂಡು ಬರೋಣ. ನಾನು ಆ ಬಸ್ಸಲ್ಲಿದ್ದೆ ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."